ರೈ ವಿಸ್ಕಿ, ಶೆರ್ರಿ ಮತ್ತು ಒಂದು ದಪ್ಪ ಗಾಜಿನ ಪಾತ್ರೆ

ಕಲಕಿ ಮಾಡುವ ಕಾಕ್‌ಟೇಲ್‌ಗಳಿಗೆಂದೇ ಕೊಂಡ ಮಿಕ್ಸಿಂಗ್ ಗ್ಲಾಸ್ ಸೆಟ್ಟೊಂದನ್ನು ಎರಡು ತಿಂಗಳಿಂದ ಮನೆಯಲ್ಲಿ ಬಳಸುತ್ತಿದ್ದೇನೆ. 500 ಮಿ.ಲೀ. ಹಿಡಿಸುವ ದಪ್ಪ ಗಾಜಿನ ಪಾತ್ರೆ, ತಿರುಚಿದ ಹಿಡಿಯ ಉದ್ದನೆಯ ಚಮಚ, ಸ್ಪ್ರಿಂಗ್ ಸುತ್ತಿದ ಜಾಲರಿ, ಇಷ್ಟೇ ಅದರಲ್ಲಿರುವುದು. ಇದರಲ್ಲಿ ನಾನು ಹೆಚ್ಚಾಗಿ ಮಾಡಿದ್ದು ರೈ ಎಂಬ ಧಾನ್ಯದ ವಿಸ್ಕಿ ಮತ್ತು ಸ್ಪೇನಿನ ಶೆರ್ರಿ ವೈನಿನ ಕಾಕ್‌ಟೇಲನ್ನು. ಹಣ್ಣಿನ ರಸವಾಗಲಿ ಸಕ್ಕರೆ ಪಾಕವಾಗಲಿ ಇಲ್ಲದ ಈ ಪಾನೀಯದಲ್ಲಿ, ನೀರು ತುಸು ಹೆಚ್ಚಾದರೂ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ.

ನನ್ನ ಅಳತೆ 60 ಮಿ.ಲೀ. ರೈ, 30 ಮಿ.ಲೀ. ಒಲೊರೊಸೊ ಶೆರ್ರಿ, ಜೊತೆಗೆ ಎರಡು ಚಿಮುಕು ಆಂಗೊಸ್ಟುರಾ ಬಿಟರ್ಸ್ ಎಂಬ ಕಹಿ ಸಾರ. ಅಮೆರಿಕದ ನಿಯಮದಂತೆ ರೈ ವಿಸ್ಕಿಗೆ ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ರೈ ಇರಬೇಕು. ಅದರ ಕಾಳುಮೆಣಸಿನಂಥ ಖಾರಕ್ಕೆ ಎದುರಾಗಿ ನಿಲ್ಲಬಲ್ಲ ಶೆರ್ರಿಯನ್ನು ಹುಡುಕುವುದರಲ್ಲೇ ನನ್ನ ಮೊದಲ ಕೆಲವು ಸಂಜೆಗಳು ಕಳೆದವು. ಯೀಸ್ಟಿನ ಪೊರೆಯಡಿ ಮಾಗುವ ಫಿನೊ ಶೆರ್ರಿ ಈ ವಿಸ್ಕಿಯ ಎದುರು ಗುರುತೇ ಸಿಗದಂತೆ ಕರಗಿಹೋಯಿತು. ಪೆದ್ರೊ ಹಿಮೆನೆಸ್ ಎಂಬ ಸಿಹಿ ಶೆರ್ರಿ ಹಾಕಿದರೆ ಇಡೀ ಲೋಟ ಒಣದ್ರಾಕ್ಷಿಯ ಪಾಕವಾಯಿತು. ಆ ಪೊರೆಯಿಲ್ಲದೆ, ಪೀಪಾಯಿಯಲ್ಲಿ ಗಾಳಿಯ ಸಂಪರ್ಕದಲ್ಲೇ ಮಾಗುವ ಒಲೊರೊಸೊದಲ್ಲಿ ಮಾತ್ರ ಹುರಿದ ಅಕ್ರೋಟಿನ ಘಮವಿದ್ದು, ಮೂಗಿಗೆ ಸಿಹಿಯೆನಿಸಿದರೂ ಬಾಯಿಗೆ ಸಿಹಿಯಿಲ್ಲದ ಆ ರುಚಿಯೇ ವಿಸ್ಕಿಯ ಖಾರಕ್ಕೆ ಸರಿಯಾಗಿ ಒಗ್ಗಿತು.

ಇನ್ನು ಪಾತ್ರೆಯ ವಿಷಯ. ಗಾಜು ದಪ್ಪಗಿರುವುದು ಕೈಗೆ ಹಿತವಾದರೂ ಅದರಿಂದ ಒಂದು ತೊಂದರೆಯೂ ಇದೆ: ಕೋಣೆಯ ಉಷ್ಣತೆಯಲ್ಲಿರುವ ಗಾಜನ್ನು ತಣಿಸುವುದಕ್ಕೇ ಒಂದಿಷ್ಟು ಐಸ್ ಕರಗಿಹೋಗುತ್ತದೆ. ಒಂದೇ ಅಳತೆಯ ಪಾನೀಯವನ್ನು 30 ಸೆಕೆಂಡು ಕಲಕಿ, ಸೋಸಿ ಅಳೆದು ನೋಡಿದಾಗ, ಫ್ರೀಜರಿನಲ್ಲಿಟ್ಟು ತೆಗೆದ ಪಾತ್ರೆಯಲ್ಲಿ 90 ಮಿ.ಲೀ. ಇದ್ದದ್ದು ಸುಮಾರು 112 ಆಯಿತು, ತಣಿಸದ ಪಾತ್ರೆಯಲ್ಲಿ 120ರ ಹತ್ತಿರಕ್ಕೆ ಹೋಯಿತು. ಎಂಟು ಮಿ.ಲೀ. ಏನು ಮಹಾ ಎನಿಸಬಹುದು, ಆದರೆ ಎರಡನೆಯ ಲೋಟದಲ್ಲಿ ಶೆರ್ರಿಯ ಘಮ ಆಗಲೇ ಸಪ್ಪೆಯಾಗಿತ್ತು. ಆದ್ದರಿಂದ ಪಾತ್ರೆಗೆ ಫ್ರೀಜರಿನಲ್ಲಿ ಕಾಲು ಗಂಟೆಯಾದರೂ ಜಾಗ ಮಾಡಿಕೊಡಬೇಕು, ಐಸ್ ದೊಡ್ಡ ಗಟ್ಟಿ ತುಂಡುಗಳಾಗಿರಬೇಕು.

ಚಮಚದ ಬಗ್ಗೆ ದೂರಿಲ್ಲ. ಅದರ ಬೆನ್ನನ್ನು ಗಾಜಿನ ಗೋಡೆಗೆ ತಾಗಿಸಿ ತಿರುಗಿಸಿದರೆ ಐಸ್ ತುಂಡುಗಳು ಸದ್ದಿಲ್ಲದೆ ಒಂದೇ ಗುಂಪಾಗಿ ಸುತ್ತುತ್ತವೆ. ಕುಲುಕಿದಾಗ ಸೇರುವ ಗಾಳಿಯ ಗುಳ್ಳೆಗಳಿಲ್ಲದೆ, ಲೋಟಕ್ಕೆ ಸುರಿದ ಪಾನೀಯ ತಿಳಿಯಾದ ಕಂದು ಬಣ್ಣದಲ್ಲಿ ಹೊಳೆಯುತ್ತದೆ. ನಿರಾಸೆ ತಂದದ್ದು ಜಾಲರಿ. ಅದು ಪಾತ್ರೆಯ ಬಾಯಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿದ್ದು, ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಐಸ್ ಚೂರುಗಳು ಪಕ್ಕದಿಂದ ಜಾರಿ ಲೋಟಕ್ಕೆ ಬೀಳುತ್ತವೆ. ಮಾರಿದವರಿಗೆ ಬರೆದು ತಿಳಿಸಿದರೆ ಉತ್ತರವೇ ಬರಲಿಲ್ಲ.

ಪಾತ್ರೆ ಮತ್ತು ಚಮಚ ಬಿಡಿಯಾಗಿ ಸಿಗುವುದಾದರೆ ಧಾರಾಳವಾಗಿ ಕೊಳ್ಳಬಹುದು. ಜಾಲರಿಯನ್ನು ಮಾತ್ರ ಪಾತ್ರೆಯ ಬಾಯಿಯ ಅಳತೆ ನೋಡಿಕೊಂಡು ಬೇರೆಯಾಗಿ ಆರಿಸಿಕೊಳ್ಳುವುದು ಒಳ್ಳೆಯದು. ನಾನಂತೂ ಈಗ ಅಡುಗೆಮನೆಯ ಚಹಾ ಸೋಸುವ ಜರಡಿಯಲ್ಲೇ ಸೋಸಿ, ಮೇಲೆ ಕಿತ್ತಳೆ ಸಿಪ್ಪೆಯನ್ನು ಹಿಂಡಿ ಅದರ ಎಣ್ಣೆ ತೇಲುವಂತೆ ಮಾಡಿ ಕುಡಿಯುತ್ತಿದ್ದೇನೆ.