ಜಪಾನಿನಿಂದ ಆಂಪ್ಲಿಫೈಯರ್ ತರುವವರೇ, ಇಲ್ಲಿ ಕೊಳ್ಳುವ ಟ್ರಾನ್ಸ್‌ಫಾರ್ಮರ್ ಡಬ್ಬಿಯನ್ನು ಬಿಚ್ಚಿಸಿ ನೋಡಿ

ಜಪಾನಿನಿಂದ ಆಂಪ್ಲಿಫೈಯರ್, ಸಿ.ಡಿ. ಪ್ಲೇಯರ್, ಟರ್ನ್‌ಟೇಬಲ್ ಏನೇ ತಂದರೂ 230 ವೋಲ್ಟನ್ನು 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು ಎಂಬುದು ಈ ಹುಚ್ಚು ಹತ್ತಿದವರಿಗೆಲ್ಲ ಗೊತ್ತು. ಆ ಟ್ರಾನ್ಸ್‌ಫಾರ್ಮರ್ ಹೆಸರಿನಲ್ಲಿ ನಮ್ಮ ಕಡೆ ಏನೇನು ಕೈಗೆ ಬರುತ್ತದೆ ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಹಾಸನದ ಅಂಗಡಿಯೊಂದು ‘ಐಸೊಲೇಷನ್ ಟ್ರಾನ್ಸ್‌ಫಾರ್ಮರ್, 500 ವಿಎ’ ಎಂದು ಬಿಲ್ಲಿನಲ್ಲೇ ಬರೆದು ಕೊಟ್ಟ ಡಬ್ಬಿ ನನ್ನ ಆಂಪ್ಲಿಫೈಯರನ್ನು ಸುಟ್ಟುಹಾಕಿದೆ. ಐಸೊಲೇಷನ್ ಎಂದರೆ ಒಳಬರುವ ಕರೆಂಟಿಗೂ ಹೊರಹೋಗುವುದಕ್ಕೂ ಬೇರೆ ಬೇರೆ ಸುರುಳಿ ಇರುವಂಥದ್ದು; ವಿಎ ಎಂದರೆ ವೋಲ್ಟ್-ಆಂಪಿಯರ್, ಡಬ್ಬಿ ಹೊರಬಲ್ಲ ಹೊರೆಯ ಅಳತೆ. ಅಂಗಡಿಯ ಹೆಸರು ಬರೆಯುವುದಿಲ್ಲ. ದೂರು ಕೊಡುವ ಕೆಲಸ ನಡೆದಿದೆ, ಅದು ಅದರ ಪಾಡಿಗೆ ಆಗಲಿ. ಈ ಬರಹ ಇರುವುದು ಇನ್ನೂ ಪೆಟ್ಟಿಗೆ ಬಿಚ್ಚದವರಿಗಾಗಿ.

ಮಗಳು ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾಳೆ. 2024ರಲ್ಲಿ ಇಲ್ಲಿ ಕಾಫಿ ಕೊಯ್ಲು ಮುಗಿದು ಎಲ್ಲರೂ ಹೂಮಳೆಗೆ ಕಾಯುತ್ತಿದ್ದಾಗ ನಾವು ಅಲ್ಲಿಗೆ ಹೋಗಿದ್ದೆವು. ಮನೆಯವರು ಚೆರ್ರಿ ಹೂ ನೋಡಿದರು, ನಾನು ಅಕಿಹಬಾರಾ ನೋಡಿದೆ. ಟೋಕಿಯೋದ ಈ ಬಡಾವಣೆ ಈಗ ಹೆಚ್ಚಿನವರಿಗೆ ಕಾರ್ಟೂನ್ ಗೊಂಬೆಗಳ ಬೀದಿ. ಆದರೆ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ಬೆಳೆದದ್ದು ರೇಡಿಯೋ ಬಿಡಿಭಾಗಗಳ ಕಾಳಸಂತೆಯಾಗಿ. ಆ ಕಾಲದ ಗುರುತು ನಿಲ್ದಾಣದ ಪಕ್ಕದಲ್ಲೇ, ರೈಲು ಹಳಿಯ ಅಡಿಯಲ್ಲಿರುವ ರೇಡಿಯೋ ಸೆಂಟರ್‌ನಲ್ಲಿ ಉಳಿದುಕೊಂಡಿದೆ. ಎದುರಿಗೆ ಒಬ್ಬರು ಬಂದರೆ ನಾವು ಪಕ್ಕಕ್ಕೆ ತಿರುಗಿ ದಾರಿ ಬಿಡಬೇಕು, ಅಷ್ಟು ಇಕ್ಕಟ್ಟಿನ ಓಣಿಗಳು. ಒಂದು ಮಳಿಗೆಯಲ್ಲಿ ಬರೀ ಸ್ವಿಚ್ಚು, ಇನ್ನೊಂದರಲ್ಲಿ ಬರೀ ರೇಡಿಯೋ ವಾಲ್ವು, ಮತ್ತೊಂದರಲ್ಲಿ ನೆಲದಿಂದ ಎದೆಮಟ್ಟಕ್ಕೆ ಟ್ರಾನ್ಸ್‌ಫಾರ್ಮರ್‌ಗಳು. ವಾಲ್ಯೂಮ್ ಕಂಟ್ರೋಲ್ ಒಂದನ್ನು ಕೇಳಿದ್ದಕ್ಕೆ ಅಲ್ಲಿದ್ದ ಅಜ್ಜಿ ನೂರಾರು ಪುಟ್ಟ ಖಾನೆಗಳ ನಡುವೆ ಚೀಟಿಯನ್ನೂ ಓದದೆ ಸರಿಯಾದ ಖಾನೆ ಎಳೆದರು. ಅದರ ಕಡ್ಡಿ ತಿರುಗಿಸಿ ನೋಡಿ ಎಂದು ಕೈಸನ್ನೆ ಮಾಡಿ, ನಾನು ತಲೆಯಾಡಿಸಿದ ಮೇಲೆಯೇ ಕಾಗದದಲ್ಲಿ ಸುತ್ತಿದರು. ಸಂಜೆ ಮಗಳು ‘ಜಾಜ್ ಕಿಸ್ಸಾ’ ಎಂಬ ಬಗೆಯ ಒಂದು ಪುಟ್ಟ ಕಾಫಿ ಅಂಗಡಿಗೆ ಕರೆದೊಯ್ದಳು. ಬಂದವರು ಬಾಯಿ ಮುಚ್ಚಿಕೊಂಡು ದೊಡ್ಡ ಸ್ಪೀಕರ್‌ಗಳೆದುರು ಕುಳಿತು ರೆಕಾರ್ಡ್ ಕೇಳುವ ಜಾಗ. ಇಷ್ಟು ಕಾಫಿ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಇಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಬಳಸಿದ ಸಾಮಾನಿನ ಅಂಗಡಿಗಳಲ್ಲಿ ಸಾನ್ಸುಯಿ, ಪಯೊನಿಯರ್, ಲಕ್ಸ್‌ಮನ್, ಡೆನಾನ್ ಸಾಲುಸಾಲಾಗಿ ಕೂತಿರುತ್ತವೆ. ಅಲ್ಲಿ ಎರಡು ಬಗೆ ಇದೆ, ಗಮನಿಸಿ. ಅಂಗಡಿಯವರೇ ಪರೀಕ್ಷಿಸಿ, ಕೆಲವು ತಿಂಗಳ ಖಾತರಿ ಕೊಟ್ಟು ಮಾರುವುದು ಒಂದು. ‘ಜಂಕ್’ ಎಂಬ ಚೀಟಿ ಅಂಟಿಸಿದ ಕಪಾಟಿನಲ್ಲಿ ಇರುವುದು ಇನ್ನೊಂದು: ಬೆಲೆ ನೋಡಿದರೆ ಬಾಯಲ್ಲಿ ನೀರು ಬರುತ್ತದೆ, ಆದರೆ ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ, ಹಿಂದಿರುಗಿಸುವ ಮಾತೇ ಇಲ್ಲ. ರಿಪೇರಿ ಮಾಡುವವರು ಮನೆಯಲ್ಲೇ ಇದ್ದರೆ ಮಾತ್ರ ಆ ಕಪಾಟಿನ ಹತ್ತಿರ ಹೋಗಬೇಕು. ನಾನು ತಂದದ್ದು ಮೊದಲನೆಯ ಬಗೆಯದು, ಕಪ್ಪು ಮುಖದ ಒಂದು ಸಾನ್ಸುಯಿ. ಅಂಗಡಿಯಲ್ಲೇ ಅರ್ಧ ಗಂಟೆ ಹಾಡಿಸಿ, ಬಾಲೆನ್ಸ್ ಗುಂಡಿಯನ್ನು ಎರಡೂ ಕೊನೆಗೆ ತಿರುಗಿಸಿ ಕೇಳಿಸಿದರು. ಅವರ ಕಡೆಯಿಂದ ಒಂದು ಕೂದಲಿನಷ್ಟೂ ಮೋಸ ಆಗಿಲ್ಲ. ಆಗ ವಿದೇಶಿ ಪ್ರವಾಸಿಗರಿಗೆ 5,000 ಯೆನ್ ಮತ್ತು ಅದಕ್ಕೆ ಮೇಲ್ಪಟ್ಟ ಖರೀದಿಗೆ ಶೇ 10ರ ಬಳಕೆ ತೆರಿಗೆಯನ್ನು ಅಂಗಡಿಯಲ್ಲೇ ಬಿಡುತ್ತಿದ್ದರು, ಪಾಸ್‌ಪೋರ್ಟ್ ತೋರಿಸಿದರೆ ಸಾಕಿತ್ತು.

ಅಲ್ಲಿನ ವಿದ್ಯುತ್ತಿನ ಬಗ್ಗೆ ಒಂದು ಮಾತು. ಮನೆಗಳಿಗೆ ಬರುವುದು 100 ವೋಲ್ಟ್. ಅದೂ ದೇಶದ ಪೂರ್ವಭಾಗದಲ್ಲಿ 50 ಹರ್ಟ್ಸ್ (ಸೆಕೆಂಡಿಗೆ ಕರೆಂಟಿನ ಅಲೆಗಳ ಎಣಿಕೆ), ಪಶ್ಚಿಮಭಾಗದಲ್ಲಿ 60. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದ್ದು; ಆ ಒಡಕು ಇವತ್ತಿಗೂ ಕೂಡಿಲ್ಲ. ಆಂಪ್ಲಿಫೈಯರ್ ಹಿಂಬದಿಯಲ್ಲಿ 50/60 ಎಂದು ಬರೆದಿದ್ದರೆ ಚಿಂತೆ ಇಲ್ಲ. ಹಳೆಯ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್‌ಗಳ ಕಥೆ ಬೇರೆ. ಅವುಗಳ ಎಸಿ ಮೋಟಾರಿನ ವೇಗ ಹರ್ಟ್ಸ್ ಹಿಡಿದೇ ನಡೆಯುತ್ತದೆ. ಒಸಾಕಾದಲ್ಲಿ 60ರ ಪುಲ್ಲಿ (ಬೆಲ್ಟ್ ಓಡುವ ಗಾಲಿ) ಹಾಕಿದ್ದನ್ನು ಇಲ್ಲಿಗೆ ತಂದರೆ 33⅓ ಸುತ್ತಿನ ರೆಕಾರ್ಡ್ ಸುಮಾರು 27.8ರಲ್ಲಿ ತಿರುಗುತ್ತದೆ, ಭೀಮಸೇನ ಜೋಶಿಯವರೂ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. 50ರ ಪುಲ್ಲಿ ಸಿಕ್ಕುತ್ತದೆಯೇ ಎಂದು ಅಲ್ಲೇ ಕೇಳಿ, ಇಲ್ಲವೇ ಬೆಲ್ಟ್ ಇಲ್ಲದೆ ಮೋಟಾರೇ ತಟ್ಟೆಯನ್ನು ತಿರುಗಿಸುವ ಡೈರೆಕ್ಟ್ ಡ್ರೈವ್ ನೋಡಿ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರಂಥವಕ್ಕೆ ಈ ಕಾಟ ಇಲ್ಲ. ರೇಡಿಯೋ ಹಿಡಿಯುವ ಟ್ಯೂನರ್ ಮಾತ್ರ ತರಲೇಬೇಡಿ. ಜಪಾನಿನ ಎಫ್.ಎಂ. 76ರಿಂದ 95 ಮೆಗಾಹರ್ಟ್ಸ್‌ಗೇ ನಿಲ್ಲುತ್ತದೆ. ನೂರರ ಮೇಲಿರುವ ಹಾಸನ ಆಕಾಶವಾಣಿ ಅದರಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸುಂಕದ ಸಾಮಾನು ಇದೆ ಎಂದು ಹೇಳಿಕೊಳ್ಳುವವರ ರೆಡ್ ಚಾನೆಲ್‌ನಲ್ಲೇ ಹೋಗಿ ಬಿಲ್ ತೋರಿಸಿದೆ. ಆಗ ಸುಂಕವಿಲ್ಲದ ಮಿತಿ 50,000 ರೂಪಾಯಿ. ಅದನ್ನು ಮೀರಿದ ಮೊತ್ತಕ್ಕೆ ಸೆಸ್ಸು ಸೇರಿ ಶೇ 38.5. ನನ್ನ ಮಿತಿಗೆ ಹೆಂಡತಿಯ ಮಿತಿ ಸೇರಿಸಿ ಒಂದೇ ವಸ್ತುವಿಗೆ ಲೆಕ್ಕ ಹಾಕಲು ಬರುವುದಿಲ್ಲ. ಮಿತಿ, ದರ ಎರಡೂ ಬದಲಾಗುವಂಥವು. ಹೊರಡುವ ಮುಂಚೆ ಕಸ್ಟಮ್ಸ್ ಇಲಾಖೆಯ ಜಾಲತಾಣ ನೋಡಿಕೊಳ್ಳಿ.

ಇನ್ನು ಆ ಡಬ್ಬಿಯ ವಿಷಯ. ನಾನು ಅಂಗಡಿಯವರಿಗೆ ಹೇಳಿದ್ದು ಸ್ಪಷ್ಟವಾಗಿತ್ತು. ಎರಡು ಬೇರೆ ಬೇರೆ ಸುರುಳಿ ಇರಬೇಕು, ತಾಮ್ರದ ತಂತಿಯಾಗಿರಬೇಕು, 500 ವಿಎ ಹೊರಬೇಕು. “ಕೊಡೋಣ ಸರ್, ಬೆಂಗಳೂರಿನಿಂದ ಬರುವ ಮಾಲು, ಕಂಪನಿ ಐಟಂ” ಎಂದರು. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಮುಂದೆ ಒಂದು ಕೆಂಪು ದೀಪ, ಹಿಂದೆ ಸಾಕೆಟ್, ನಾಲ್ಕು ಮೂಲೆಯಲ್ಲಿ ಸ್ಕ್ರೂ ಬದಲು ರಿವಿಟ್. ‘ಬಿಚ್ಚಿದರೆ ವಾರಂಟಿ ಇಲ್ಲ’ ಎಂಬ ಚೀಟಿ. ಮಲ್ಟಿಮೀಟರ್ ಹಿಡಿದರೆ 101 ವೋಲ್ಟ್, ತಕರಾರೇ ಇಲ್ಲದ ಅಂಕಿ. ಬೇಸಿಗೆ ಪೂರ್ತಿ ಚೆನ್ನಾಗಿ ನಡೆಯಿತು.

ಜುಲೈ ಮಳೆಯಲ್ಲಿ ಒಂದು ಸಂಜೆ ಕರೆಂಟ್ ಹೋಗಿ ಬಂತು. ಆಂಪ್ಲಿಫೈಯರ್ ಹಾಕಿದೆ. ಡಬ್ಬಿಯಿಂದ ಒಂದು ಗೊರಗೊರ ಸದ್ದು, ಆಂಪ್ಲಿಫೈಯರಿನ ಮೀಟರ್ ದೀಪಗಳು ಎಂದೂ ಇಲ್ಲದಷ್ಟು ಬೆಳ್ಳಗೆ ಉರಿದವು, ಪಟ್ ಎಂದು ಒಂದು ಶಬ್ದ. ಕೆಟ್ಟ ಮೀನಿನಂಥ ವಾಸನೆ ಕೋಣೆ ತುಂಬಿತು. ಸ್ಪೀಕರ್‌ಗಳನ್ನು ತುಸು ತಡವಾಗಿ ಜೋಡಿಸುವ ಒಳಸ್ವಿಚ್ಚು, ಅಂದರೆ ಸ್ಪೀಕರ್ ರಿಲೇ, ಕೂಡಿಕೊಳ್ಳುವ ಮುಂಚೆಯೇ ಇದೆಲ್ಲ ಮುಗಿದಿದ್ದರಿಂದ ಸ್ಪೀಕರ್‌ಗಳು ಉಳಿದವು.

ಚಿಕ್ಕಮಗಳೂರಿನಲ್ಲಿ ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ಹಿರಿಯರೊಬ್ಬರಿದ್ದಾರೆ. ಅವರು ಆಂಪ್ಲಿಫೈಯರ್ ಮುಟ್ಟುವ ಮುಂಚೆ “ಮೊದಲು ನಿಮ್ಮ ಡಬ್ಬಿ ಕೊಡಿ” ಎಂದು ರಿವಿಟ್ ಕೊರೆದು ತೆಗೆದರು. ಒಳಗೆ ಇದ್ದದ್ದು ಒಂದೇ ಸುರುಳಿ. ಅದರ ನಡುವೆ ಎಲ್ಲೋ ಒಂದು ಕವಲು ತೆಗೆದು ಸಾಕೆಟ್ಟಿಗೆ ಕೊಟ್ಟಿದ್ದರು. ಅಂದರೆ ಆಟೋ ಟ್ರಾನ್ಸ್‌ಫಾರ್ಮರ್. ತಂತಿಯನ್ನು ಬ್ಲೇಡಿನಿಂದ ಕೆರೆದರೆ ಕೆಂಪಿನ ಬದಲು ಬೆಳ್ಳಿಬಣ್ಣ: ಅಲ್ಯುಮಿನಿಯಂ. ಅಲ್ಯುಮಿನಿಯಂ ತಂತಿಗೆ ಸಾಮಾನ್ಯ ಬೆಸುಗೆ ಕೂರುವುದಿಲ್ಲ. ಕೆಳಗಿನ ತುದಿಯಲ್ಲಿ ಹಾಗೆ ಕೂರದ ಬೆಸುಗೆಯೇ ಬಿಟ್ಟುಹೋಗಿ, ತಂತಿಯ ಕೊನೆ ಕಪ್ಪಗೆ ಕರಕಲಾಗಿ ಗಾಳಿಯಲ್ಲಿ ನಿಂತಿತ್ತು.

ಹೀಗಾದರೆ ಏನಾಗುತ್ತದೆ ಎಂಬುದೇ ಈ ಬರಹದ ತಿರುಳು. ಎರಡು ಸುರುಳಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಯಾವ ತಂತಿ ತುಂಡಾದರೂ ಆಂಪ್ಲಿಫೈಯರಿಗೆ ಕರೆಂಟ್ ನಿಲ್ಲುತ್ತದೆ, ಅಷ್ಟೇ. ಆಟೋದಲ್ಲಿ ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ಸುರುಳಿಯ ಕೆಳಭಾಗ ಒಂದೇ. ಆ ಭಾಗ ತುಂಡಾದರೆ ಇಳಿಸುವ ಕೆಲಸ ನಿಲ್ಲುತ್ತದೆ, ಮೇಲ್ಭಾಗ ಮಾತ್ರ ಜೋಡಿಕೊಂಡೇ ಇರುತ್ತದೆ. ಲೋಡ್ ಕಡಿಮೆ ಇರುವಾಗ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟ್ ನೇರವಾಗಿ 100 ವೋಲ್ಟಿನ ಉಪಕರಣಕ್ಕೆ ಹೊಕ್ಕುತ್ತದೆ. ನನ್ನದರಲ್ಲಿ ಒಳಗಿನ ಎರಡು ದಪ್ಪ ಕೆಪಾಸಿಟರ್‌ಗಳ ಮೇಲೆ 63 ವೋಲ್ಟ್ ಎಂದು ಅಚ್ಚಾಗಿತ್ತು. ದಿನವೂ 45ರ ಸುಮಾರಿಗೆ ದುಡಿಯುತ್ತಿದ್ದ ಅವುಗಳ ಮೇಲೆ ಅದರ ಎರಡರಷ್ಟು ಬಿದ್ದರೆ ಉಳಿಯುವುದುಂಟೇ? ತಲೆ ಉಬ್ಬಿ ಸೀಳಿದ್ದವು. ಫ್ಯೂಸ್ ಹೋಗಿತ್ತು ನಿಜ, ಆದರೆ ಅದು ಹೋದದ್ದು ಎಲ್ಲರೂ ಹೋದ ಮೇಲೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಶಾರ್ಟ್. ಆ ನಂಬರಿನವು ಈಗ ತಯಾರಾಗುತ್ತಿಲ್ಲ. ಮಾರುಕಟ್ಟೆಯಲ್ಲಿ ಅದೇ ನಂಬರ್ ಅಚ್ಚು ಹಾಕಿದ ನಕಲಿಗಳು ಬೇಕಾದಷ್ಟು ಸಿಕ್ಕುತ್ತವೆ.

ಅಂಗಡಿಗೆ ಇದರಲ್ಲೇನು ಲಾಭ ಎಂದು ಕೇಳಿದರೆ, ಕಬ್ಬಿಣ ಮತ್ತು ತಂತಿ. 230ರಿಂದ 100ಕ್ಕೆ ಇಳಿಸಿ 500 ವಿಎ ಕೊಡಲು ಆಟೋಗೆ ಸುಮಾರು 283 ವಿಎ ಗಾತ್ರದ ಕೋರ್ (ಸುರುಳಿ ಸುತ್ತುವ ಕಬ್ಬಿಣದ ಗಟ್ಟಿ) ಸಾಕು. ಎರಡು ಸುರುಳಿಯದಕ್ಕೆ ಪೂರ್ತಿ 500ರದೇ ಬೇಕು. ಹಣ ತೆಗೆದುಕೊಂಡದ್ದು ದೊಡ್ಡದಕ್ಕೆ, ಕೊಟ್ಟದ್ದು ಚಿಕ್ಕದು. ಆಟೋ ಟ್ರಾನ್ಸ್‌ಫಾರ್ಮರ್ ತಾನಾಗಿಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮನೆಯ ಸ್ಟೆಬಿಲೈಸರ್‌ಗಳಲ್ಲಿ ಹೆಚ್ಚಿನವು ಅದೇ. ಅದನ್ನು ಐಸೊಲೇಷನ್ ಎಂದು ಮಾರುವುದು ಕಳ್ಳತನ.

ಔಟ್‌ಪುಟ್ ವೋಲ್ಟೇಜ್ ಅಳೆದರೆ ಈ ಕಳ್ಳತನ ಸಿಕ್ಕಿಬೀಳುವುದಿಲ್ಲ, ಎರಡೂ ಬಗೆ 100ನ್ನೇ ತೋರಿಸುತ್ತವೆ. ಹೀಗೆ ಮಾಡಿ: ಡಬ್ಬಿಯ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ತೆಗೆಯಿರಿ, ಡಬ್ಬಿಗೆ ಸ್ವಿಚ್ ಇದ್ದರೆ ಆನ್ ಮಾಡಿ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ. ಒಂದು ಕಡ್ಡಿಯನ್ನು ಪ್ಲಗ್ಗಿನ ಫೇಸ್ ಪಿನ್ನಿಗೂ ಇನ್ನೊಂದನ್ನು ಔಟ್‌ಪುಟ್ ಸಾಕೆಟ್ಟಿನ ತೂತಿಗೂ ಇಡಿ. ನಂತರ ನ್ಯೂಟ್ರಲ್ ಪಿನ್ನಿನಿಂದಲೂ ನೋಡಿ, ಎರಡೂ ತೂತುಗಳಿಗೆ. ನಿಜವಾದ ಎರಡು ಸುರುಳಿಯದಾದರೆ ಎಲ್ಲೂ ಸಂಪರ್ಕ ತೋರಿಸಬಾರದು. ಕೆಲವೇ ಓಮ್ ತೋರಿಸಿತೆಂದರೆ ಅದು ಆಟೋ. ಅಂಗಡಿಯ ಮೇಜಿನ ಮೇಲೆಯೇ ಬಿಟ್ಟು ಬನ್ನಿ. ಅಂಗಡಿಯವರ ಎದುರಿಗೇ ಮಾಡಿ, ನಾಚಿಕೆ ಪಡಬೇಡಿ. ತಾಮ್ರವೋ ಅಲ್ಲವೋ ಎಂಬುದು ಮುಚ್ಚಳ ತೆಗೆದರಷ್ಟೇ ತಿಳಿಯುತ್ತದೆ. ರಿವಿಟ್ ಹೊಡೆದದ್ದನ್ನು ಕೊಳ್ಳಬೇಡಿ, ಸ್ಕ್ರೂ ಇರುವುದನ್ನೇ ಕೇಳಿ.

ಪ್ರವಾಸಿಗರಿಗೆ ಮಾರುವ ಅಂಗೈಯಗಲದ ‘ಕನ್ವರ್ಟರ್’ಗಳ ಮಾತೇ ಬೇಡ. ಅವುಗಳಲ್ಲಿ ಅಗ್ಗದವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ, ಕೂದಲು ಒಣಗಿಸುವ ಯಂತ್ರಕ್ಕಷ್ಟೇ ಲಾಯಕ್ಕು. ಬರೀ ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದೇ ಇಲ್ಲ.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ದಾರಿ ಇದೆ. ಸಿಂಗಪುರದಲ್ಲಿ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಅಲ್ಲಿನ ಅಡೆಲ್ಫಿ ಕಟ್ಟಡದಲ್ಲಿ ಆಡಿಯೋ ಅಂಗಡಿಗಳೇ ತುಂಬಿವೆ, ಕೊಂಡದ್ದಕ್ಕೆ ಪ್ಲಗ್ ಬದಲಿಸಿದರೆ ಸಾಕು. ದುಬೈ ಕೂಡ ಹಾಗೆಯೇ. ಜಪಾನಿಗೇ ಹೋದರೆ ಗೋಡೆಯ ಕರೆಂಟ್ ಬೇಡದ್ದನ್ನು ತನ್ನಿ: ಹೆಡ್‌ಫೋನ್, ಯುಎಸ್‌ಬಿಯಿಂದ ನಡೆಯುವ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ಲಿಗೆ ಬದಲಿಸುವ ಪೆಟ್ಟಿಗೆ), ರೆಕಾರ್ಡ್‌ಗಳು, ಕಾರ್ಟ್ರಿಜ್ (ಟರ್ನ್‌ಟೇಬಲ್ಲಿನ ಮುಳ್ಳಿನ ತಲೆ). ಡೆನಾನ್ ಡಿಎಲ್-103 ಎಂಬ ಕಾರ್ಟ್ರಿಜ್ ಅಲ್ಲಿ ಈಗಲೂ ಹೊಸದೇ ಸಿಕ್ಕುತ್ತದೆ. 1960ರ ದಶಕದಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗೆಂದು ರೂಪಿಸಿದ್ದು. ಅದರ ಔಟ್‌ಪುಟ್ 0.3 ಮಿಲಿವೋಲ್ಟ್ ಮಾತ್ರ, ನಿಮ್ಮ ಆಂಪ್ಲಿಫೈಯರಿನ ಫೋನೋದಲ್ಲಿ (ಟರ್ನ್‌ಟೇಬಲ್ ಜೋಡಿಸುವ ಕಡೆ) ಎಂ.ಸಿ., ಅಂದರೆ ಇಂಥ ಕಡಿಮೆ ಔಟ್‌ಪುಟ್ಟಿನ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗೆ ಹೊಂದುವ ಸೌಲಭ್ಯ, ಇದೆಯೇ ನೋಡಿಕೊಳ್ಳಿ. ರೆಕಾರ್ಡ್ ತಂದವರು ಮಲೆನಾಡಿನ ಮಳೆಗಾಲಕ್ಕೆ ಮುಂಚೆ ಅವುಗಳ ಒಳಗಿನ ಕವರ್ ಬದಲಿಸಿ. ಬೂಷ್ಟು ಹಿಡಿಯಲು ಜೂನ್ ಸಾಕು.

ಅಂಗಡಿಯವರ ಉತ್ತರ ಏನು ಎಂದು ಕೇಳುವಿರಿ. “ಮಳೆಗಾಲದಲ್ಲಿ ಲೈನ್ ಏರುಪೇರು ಸರ್, ನಾವೇನು ಮಾಡೋಣ? ಅಲ್ಲದೆ ನೀವು ಸೀಲ್ ಬಿಚ್ಚಿಸಿದ್ದೀರಿ.” ಡಬ್ಬಿಯ ಬೆಲೆಯಲ್ಲಿ ಅರ್ಧ ಹಿಂದಿರುಗಿಸುವುದಾಗಿ ಹೇಳಿದರು, ಆಂಪ್ಲಿಫೈಯರ್ ಸುದ್ದಿ ಎತ್ತಲಿಲ್ಲ. ಹೀಗಾಗಿ ಬಿಲ್ಲು, ಬಿಚ್ಚಿದ ಡಬ್ಬಿಯ ಫೋಟೊಗಳು, ರಿಪೇರಿಯವರು ಬರೆದುಕೊಟ್ಟ ಪತ್ರ ಇವಿಷ್ಟನ್ನು ಸೇರಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುತ್ತಿದ್ದೇನೆ. 2019ರ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಂಡ ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಇಂಥದೇ ಬೂದು ಡಬ್ಬಿ ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಓಮ್ ನೋಡಿ ತಿಳಿಸಿ. ಬೇರೆಯವರಿಗೂ ಹೀಗೇ ಕೊಟ್ಟಿದ್ದಾರೆಂದು ತೋರಿಸಲು ಆಗುತ್ತದೆ. ಹಾಸನ, ಚಿಕ್ಕಮಗಳೂರು ಸುತ್ತಮುತ್ತ ತಾಮ್ರದ ತಂತಿಯಲ್ಲಿ ಎರಡು ಸುರುಳಿಯದನ್ನು ಕಣ್ಣೆದುರೇ ಸುತ್ತಿಕೊಡುವವರು ಯಾರಾದರೂ ಗೊತ್ತಿದ್ದರೆ ಅದನ್ನೂ ಬರೆಯಿರಿ.