ಹೊಸ ತಾಯಿಗೆ ಆಸರೆ: ಮನೆಗೆ ಬರುವ ನರ್ಸೋ, ಅನುಭವಿ ತಾಯಿಯ ಫೋನೋ?

ಹೆರಿಗೆಯ ನಂತರದ ಖಿನ್ನತೆ ತಡೆಯಲು ನರ್ಸಿನ ಮನೆಭೇಟಿ ಒಳ್ಳೆಯದೋ, ಅದೇ ಖಿನ್ನತೆ ದಾಟಿ ಬಂದ ತಾಯಿಯೊಬ್ಬಳ ಫೋನ್ ಕರೆಯೋ ಎಂದು ಕೇಳಿದ್ದೀರಿ. ಖರ್ಚಿನಲ್ಲಿ ಫೋನೇ ಹಗುರ. ಮಗು ಮಲಗಿದಾಗ ಮಾತಾಡಬಹುದು, ಮನೆ ಒಪ್ಪ ಮಾಡುವ ತಲೆನೋವೂ ಇಲ್ಲ. 2009ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ಅಪಾಯ ಹೆಚ್ಚಿದ್ದ ತಾಯಂದಿರಲ್ಲಿ ಹೆರಿಗೆಯಾದ 12 ವಾರಗಳ ಹೊತ್ತಿಗೆ ಖಿನ್ನತೆಯ ಸಾಧ್ಯತೆ ಇಂಥ ಕರೆಗಳಿಂದ ಸುಮಾರು ಅರ್ಧಕ್ಕಿಳಿದಿತ್ತು.

ಆದರೆ ಫೋನಿಗೆ ಕಣ್ಣಿಲ್ಲ. ‘ಚೆನ್ನಾಗಿದ್ದೀನಿ’ ಎನ್ನುವವಳ ಮುಖ ನರ್ಸಿಗೆ ಕಾಣುತ್ತದೆ. ಹೆರಿಗೆಯ ನಂತರದ ಖಿನ್ನತೆ ಗುರುತಿಸಲು ಬಳಸುವ ಎಡಿನ್‌ಬರೋ ಮಾಪಕದ 10 ಪ್ರಶ್ನೆ ಕೇಳಬಹುದು, ಹಾಲುಣಿಸುವ ತೊಡಕು, ಹೊಲಿಗೆಯ ನೋವನ್ನೂ ನೋಡಬಹುದು. ಹಿಂದೆ ಖಿನ್ನತೆ ಬಂದಿದ್ದವರಿಗೆ ನಾನು ನರ್ಸಿನ ಭೇಟಿಯನ್ನೇ ಹೇಳುತ್ತೇನೆ. ಒಂಟಿತನವೇ ಕಾಡುತ್ತಿದ್ದರೆ ಫೋನು ಸಾಕಾದೀತು.

ಬೇಸರ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ತಕ್ಷಣ.