ಮುಂಗಾರಿಗೆ ಆಲೂಗಡ್ಡೆಯೋ, ಮುಸುಕಿನ ಜೋಳವೋ?

ಹಾಸನದ ಕೆಂಪು ಮಣ್ಣಿನ ಖುಷ್ಕಿಯಲ್ಲಿ ಎರಡನ್ನೂ ಅಕ್ಕಪಕ್ಕ ಬೆಳೆದು ನೋಡಿದರೆ ಒಂದು ಮಾತು ಖಚಿತ: ದರಕ್ಕಿಂತ ಮೊದಲು ಲೆಕ್ಕಕ್ಕೆ ಬರುವುದು ಬಿತ್ತನೆಯ ವಾರ. ಆಲೂಗಡ್ಡೆ ಕೃತ್ತಿಕೆ–ರೋಹಿಣಿ ಮಳೆಗೆ, ಅಂದರೆ ಮೇ ಮಧ್ಯದಿಂದ ಜೂನ್ ಮೊದಲ ವಾರದೊಳಗೆ ನೆಲ ಸೇರಬೇಕು. ಮುಸುಕಿನ ಜೋಳಕ್ಕೆ ಮೃಗಶಿರ ಮಳೆ ಮುಗಿಯುವ ತನಕ, ಜೂನ್ 20ರವರೆಗೂ ಬಿಡುವಿದೆ.

ಬೀಜದ ಖರ್ಚಿನಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಜೋಳಕ್ಕೆ ಎಕರೆಗೆ 6–8 ಕಿಲೋ ಹೈಬ್ರಿಡ್ ಬೀಜ ಸಾಕು. ಆಲೂಗಡ್ಡೆಗೆ 6–8 ಕ್ವಿಂಟಾಲ್ ಬಿತ್ತನೆ ಗೆಡ್ಡೆ ಬೇಕು. ಪಂಜಾಬಿನ ಜಲಂಧರ್ ಕಡೆಯ ಕುಫ್ರಿ ಜ್ಯೋತಿ ತಳಿಯ ಗೆಡ್ಡೆ ಶೀತಲಗೃಹದಿಂದ ಬಂದಿರುತ್ತದೆ. ಮೂಟೆ ಬಿಚ್ಚಿ ನೆರಳಲ್ಲಿ 8–10 ದಿನ ಹರಡಿ, ಮೊಳಕೆ ಮೂಡಲಿ. ಗೆಡ್ಡೆ ಕೊಯ್ಯುವುದಾದರೆ ಪ್ರತಿ ಹೋಳಿನಲ್ಲೂ ಎರಡು-ಮೂರು ಕಣ್ಣು, 40 ಗ್ರಾಂ ತೂಕ ಇರಲಿ. ಲೀಟರಿಗೆ 4 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಲ್ಲಿ ಅದ್ದಿ, ಕೊಯ್ದ ಮುಖ ಒಣಗುವ ತನಕ ಆರಿಸಿ. ಹಸಿ ಹೋಳು ಹಸಿ ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ. ಸಾಲಿನಲ್ಲಿ ಅಲ್ಲಲ್ಲಿ ಗಿಡವೇ ಏಳುವುದಿಲ್ಲ. ಬೀಜ ಸರಿಯಿಲ್ಲ ಎಂದು ವ್ಯಾಪಾರಿಯನ್ನು ಬೈಯುವ ಎಷ್ಟೋ ಸಲ ತಪ್ಪು ಇಲ್ಲೇ ಆಗಿರುತ್ತದೆ.

ಆಲೂಗಡ್ಡೆಯ ದೊಡ್ಡ ಶತ್ರು ಅಂಗಮಾರಿ ರೋಗ. ಜುಲೈನಲ್ಲಿ ಬಿಸಿಲೇ ಕಾಣದೆ ತುಂತುರು ಹಿಡಿದರೆ ಎಲೆಯ ಅಂಚಿಗೆ ನೀರು ಕುಡಿದಂಥ ಕಂದು ಮಚ್ಚೆ, ತಿರುವಿ ನೋಡಿದರೆ ಬಿಳಿ ಬೂಷ್ಟು. ಮಚ್ಚೆ ಕಂಡ ಮೇಲೆ ಔಷಧಿ ಹುಡುಕಿಕೊಂಡು ಹೊರಟರೆ ತಡವಾಯಿತು. ಗಿಡಕ್ಕೆ 35 ದಿನವಾಗುವ ಹೊತ್ತಿಗೆ ಮಣ್ಣು ಏರಿಸಿ, ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಹೊಡೆದಿರಬೇಕು. ರೋಗ ಬಂದೇ ಬಿಟ್ಟರೆ ಮೆಟಲಾಕ್ಸಿಲ್ ಜೊತೆ ಮ್ಯಾಂಕೋಜೆಬ್ ಇರುವ ಪುಡಿ.

ಜೋಳಕ್ಕೆ 2018ರಿಂದ ಸೈನಿಕ ಹುಳುವಿನ ಕಾಟ. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ಕಂಡೊಡನೆ ಎಮಾಮೆಕ್ಟಿನ್ ಬೆಂಜೋಯೇಟ್ ಎಂಬ ಕೀಟನಾಶಕವನ್ನು ಲೀಟರಿಗೆ 0.4 ಗ್ರಾಂ ಬೆರೆಸಿ, ಸುಳಿಯೊಳಗೇ ಇಳಿಯುವಂತೆ ಬಿಡಬೇಕು. ಉಳಿದಂತೆ ಜೋಳ ಅಷ್ಟು ಕಾಡುವುದಿಲ್ಲ.

ಕೊಯ್ಲಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಆಲೂಗಡ್ಡೆ ಸುಮಾರು 100 ದಿನಕ್ಕೆ, ಮಖೆ–ಹುಬ್ಬೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆ–ಸೆಪ್ಟೆಂಬರ್ ಮೊದಲಲ್ಲಿ, ಕೀಳಲು ಬರುತ್ತದೆ. 10 ದಿನ ಮುಂಚೆ ಗಿಡ ಕೊಯ್ದರೆ ಸಿಪ್ಪೆ ಗಟ್ಟಿಯಾಗುತ್ತದೆ. ಆ ತೇವದಲ್ಲೇ ಹುರುಳಿ ಚೆಲ್ಲಬಹುದು. ಜೋಳ ಅಕ್ಟೋಬರ್ ತನಕ ಹೊಲ ಬಿಡದು. ಚಿತ್ತೆ ಮಳೆ ಹಿಡಿದರೆ ತೆನೆಗೆ ಬೂಷ್ಟು, ಕಾಳಿನ ತೇವ ಶೇ. 14ಕ್ಕೆ ಇಳಿಯದೆ ದರವೂ ಬೀಳುತ್ತದೆ.

ಹಾಗಾಗಿ ನೀರು ಬಸಿಯುವ ಮರಳುಗೆಂಪು ಮಣ್ಣು, ಸಕಾಲದ ಮೇ ಮಳೆ, ಕೈಯಲ್ಲಿ ಸಿಂಪರಣೆಯ ದುಡ್ಡು ಮೂರೂ ಇದ್ದರೆ ಆಲೂಗಡ್ಡೆ, ಅದೂ ಇರುವ ಹೊಲದ ಅರ್ಧಕ್ಕೆ. ರೋಹಿಣಿ ಕೈಕೊಟ್ಟರೆ ಗೆಡ್ಡೆಯ ಮೂಟೆಗೆ ಕೈ ಹಾಕಬೇಡಿ, ಜೋಳ ಹಾಕಿ. ನೀರು ನಿಲ್ಲುವ ತಗ್ಗಿನ ಜಮೀನಿಗೆ ಎರಡೂ ಸಲ್ಲ.